ಹಳೆ ಟ್ರ್ಯಾಕ್ಟರ್‌ನ ಬದಲಾವಣೆ ಕಂಪನಿಯದ್ದೋ, ಗ್ಯಾರೇಜಿನದ್ದೋ?

ಸಿಂಧನೂರು, ಕಾರಟಗಿ, ಸಿರುಗುಪ್ಪ ಕಡೆ ಕೇಜ್‌ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿಕೊಂಡು ಭತ್ತದ ಗದ್ದೆಯಲ್ಲಿ ದುಡಿದ ಹಳೆ ಟ್ರ್ಯಾಕ್ಟರ್‌ಗಳು ಹುಟ್ಟಿದ ಹಾಗೇ ಉಳಿದಿರುವುದು ಅಪರೂಪ. ಕಂಪನಿ ಒಂದು ಭಾಗ ಬದಲಿಸಿದರೆ ಅದರ ಅಕ್ಕಪಕ್ಕದ್ದೂ ಬದಲಾಗಿರುತ್ತದೆ. ಗ್ಯಾರೇಜಿನವರು ಆ ಹೊತ್ತಿನ ತೊಂದರೆಯಷ್ಟನ್ನೇ ನೀಗಿಸುತ್ತಾರೆ. ಹುಡುಕಬೇಕಾದದ್ದು ಈ ವ್ಯತ್ಯಾಸ.

ಮೊದಲು ತೊಳೆಯಿರಿ. ಗ್ರೀಸ್ ಜೊತೆ ಸೇರಿ ಕಲ್ಲಾದ ಎರೆಮಣ್ಣನ್ನು ಡೀಸೆಲ್ ಹಚ್ಚಿ ರಾತ್ರಿಯಿಡೀ ನೆನೆಯಲು ಬಿಟ್ಟು, ಕಟ್ಟಿಗೆ ಚಕ್ಕೆಯಿಂದ ಕೆರೆಯಿರಿ. ಉಳಿ ಹಚ್ಚಿದರೆ ಪಂಚ್ ಮಾಡಿದ ನಂಬರಿನ ಅಂಚೇ ಹೋಗುತ್ತದೆ.

ಅನುಮಾನ ಬಂದ ಬ್ರಾಕೆಟ್ಟಿನ ಬೋಲ್ಟ್ ಬಿಚ್ಚಿ, ಅದು ಕೂತಿದ್ದ ಜಾಗ ನೋಡಿ. ಅಲ್ಲಿ ಬರೀ ಕಬ್ಬಿಣವಿದ್ದರೆ ಬ್ರಾಕೆಟ್ ಮೊದಲಿನಿಂದಲೂ ಇದ್ದಿರಬಹುದು. ಒಂದೇ ಪದರ ಬಣ್ಣವಿದ್ದರೆ ಏನೂ ತೀರ್ಮಾನಿಸಬೇಡಿ. ಎರಡು ಬೇರೆ ಬಣ್ಣದ ಪದರಗಳಿದ್ದರೆ ಬ್ರಾಕೆಟ್ ಆಮೇಲೆ ಬಂದದ್ದು, ಬಹುಮಟ್ಟಿಗೆ ಖಚಿತ.

ತೂತನ್ನೂ ಹಾಗೇ ನೋಡಿ. ಕಂಪನಿ ತೂತು ಹಾಕುವ ಕಡೆ ಎರಕದಲ್ಲೇ ಉಬ್ಬು ಬಿಟ್ಟು, ಅದರ ತಲೆಯನ್ನು ಮಷಿನ್ ಮೇಲೆ ಸಮ ಮಾಡಿರುತ್ತದೆ. ತೂತು ನಟ್ಟನಡುವೆ ಇರುತ್ತದೆ. ಒರಟು ಗೋಡೆಯಲ್ಲಿ ವಾರೆಯಾಗಿ ಕೊರೆದದ್ದು ಕೈ ಡ್ರಿಲ್ಲಿನ ಕೆಲಸ. ಅಲ್ಲಿ ಬೋಲ್ಟ್ ತಲೆ ಪೂರ್ತಿ ಕೂರದೆ ಎಣ್ಣೆ ಜಿನುಗುತ್ತದೆ. ಖಾಲಿ ಉಬ್ಬು ಕಂಡರೆ ಏನೋ ಕಿತ್ತಿದ್ದಾರೆ ಅಂದುಕೊಳ್ಳಬೇಡಿ, ಬೇರೆ ಮಾಡೆಲ್ಲಿಗೂ ಅದೇ ಎರಕ ಬಳಸಿರುತ್ತಾರೆ.

ಮ್ಯಾಸ್ಸಿ ಫರ್ಗ್ಯುಸನ್ 35ರ ಬೋಲ್ಟ್‌ಗಳು ಇಂಚಿನ ಲೆಕ್ಕದವು. 9/16 ಅಂದರೆ 14.3 ಎಂಎಂ: 14ರ ಪಾನಾ ಹತ್ತುವುದಿಲ್ಲ, 15 ಸಡಿಲ. 19ರ ಪಾನಾ ಮಾತ್ರ 3/4ಕ್ಕೂ ಹಿಡಿಯುತ್ತದೆ, ಮೋಸ ಹೋಗಬೇಡಿ. ತಲೆ ಮೇಲೆ 8.8 ಇದ್ದರೆ ಅದು ಎಂಎಂ ಬೋಲ್ಟ್. ಅಲ್ಲೊಂದು ಇಲ್ಲೊಂದು ಸಿಕ್ಕರೆ ಚಿಂತೆಯಿಲ್ಲ. ಒಂದೇ ಭಾಗದ ಸುತ್ತ ನಾಲ್ಕೈದು ಕಂಡರೆ ಆ ಭಾಗವನ್ನು ಬಿಚ್ಚಿ ಹಾಕಿದ್ದಾರೆ. ಜೆಕ್ ಕಂಪನಿ ಝೆಟಾರ್ ಮೂಲದ ಎಚ್‌ಎಂಟಿ ಟ್ರ್ಯಾಕ್ಟರಿಗೆ ಈ ಪರೀಕ್ಷೆ ನಡೆಯದು, ಅದು ಮೊದಲಿನಿಂದಲೂ ಎಂಎಂ.

ಇಂಗ್ಲೆಂಡಿನಲ್ಲಿ ತಯಾರಾದ ಈ 35ರಲ್ಲಿ ಇಂಜೆಕ್ಟರ್ (ಡೀಸೆಲ್ ಚಿಮ್ಮಿಸುವ ಭಾಗ, ಸಿಲಿಂಡರಿಗೊಂದು) ಎಣಿಸಿದರೆ ಅರ್ಧ ಕಥೆ ತಿಳಿಯುತ್ತದೆ. ಮೊದಲಿನ ಡೀಸೆಲ್ ಗಾಡಿಗೆ ಸ್ಟ್ಯಾಂಡರ್ಡ್ 23ಸಿ ಇಂಜಿನ್, ನಾಲ್ಕು ಸಿಲಿಂಡರ್. 1959ರ ಕೊನೆಗೆ ಪರ್ಕಿನ್ಸ್ ಮೂರು ಸಿಲಿಂಡರ್ ಬಂತು. ಹಾಗಾಗಿ ಕಂಪನಿಯ ಸೀರಿಯಲ್ ಪ್ಲೇಟ್ 1958ರದ್ದಾಗಿದ್ದ ಗಾಡಿಯಲ್ಲಿ ಮೂರೇ ಇಂಜೆಕ್ಟರ್ ಇದ್ದರೆ ಇಂಜಿನ್ ಬದಲಾಗಿದೆ, ಇಲ್ಲವೇ ಪ್ಲೇಟ್. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ದಪ್ಪ ಪ್ಲೇಟ್ ಕೂಡಿಸಿದ್ದು ಕಂಡರೆ ಇಂಜಿನ್ ಬದಲಾಗಿದೆ ಎನ್ನಲು ಮುಂದೆ ನೋಡುವುದೇ ಬೇಡ.

ಡಬಲ್ ಕ್ಲಚ್ (ಗಾಡಿಗೊಂದು, ಪಿಟಿಒಗೊಂದು, ಪೆಡಲ್ ಒಂದೇ) ಹೌದೋ ಅಲ್ಲವೋ ತಿಳಿಯಲು, ನಿಂತ ಗಾಡಿಯಲ್ಲಿ ಕ್ಲಚ್ ಪೂರ್ತಿ ಒತ್ತಿ ಇಂಜಿನ್ ಕಡೆಯ ಪಿಟಿಒ (ಹಿಂದಿನ ಸಲಕರಣೆ ತಿರುಗಿಸುವ ದಂಡ) ಹಾಕಿ, ಆಮೇಲೆ ಬಯಲಿನಲ್ಲಿ ಲೋ ಗೇರಿನಲ್ಲಿ ಸಾಗಿಸಿ. ಸಲಕರಣೆ ಜೋಡಿಸಿರಬಾರದು, ಹಿಂದೆ ಯಾರೂ ನಿಂತಿರಬಾರದು. ಪೆಡಲ್ ಅರ್ಧ ಒತ್ತಿದಾಗ ಗಾಡಿ ನಿಂತು ಪಿಟಿಒ ತಿರುಗುತ್ತಿದ್ದರೆ ಡಬಲ್. ಎರಡೂ ಒಟ್ಟಿಗೆ ನಿಂತರೆ ಸಿಂಗಲ್, ಅಥವಾ ಪೆಡಲ್ ಹೊಂದಾಣಿಕೆ ತಪ್ಪಿದೆ.

ಮುಂದಿನ ಆಕ್ಸಲ್ ಅಗಲವಿದ್ದ ಮಾತ್ರಕ್ಕೆ ಕತ್ತರಿಸಿ ಜೋಡಿಸಿದ್ದಾರೆ ಎನ್ನಬೇಡಿ. 35ರಲ್ಲಿ ಚಕ್ರದ ಅಂತರವನ್ನು 4 ಇಂಚಿನಂತೆ ಹೆಚ್ಚಿಸಲು ಕಂಪನಿಯೇ ತೂತು ಕೊಟ್ಟಿದೆ. ತೂತಿನ ಸಾಲಿಗೆ ಅಡ್ಡ ವೆಲ್ಡಿಂಗ್ ಇದ್ದರೆ ಮಾತ್ರ ಮಾತು ಬೇರೆ.

ಕೊನೆಗೆ ಆರ್‌ಸಿಯ ಇಂಜಿನ್, ಚಾಸಿ ನಂಬರ್‌ಗಳನ್ನು ಕಬ್ಬಿಣದ ಮೇಲಿನದಕ್ಕೆ ತಾಳೆ ನೋಡಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಸವೆದ ಅಂಕಿಯೂ ಮೂಡುತ್ತದೆ. ಬದಲಾದ ಇಂಜಿನ್ ಆರ್‌ಸಿಯಲ್ಲಿ ದಾಖಲಾಗಿಲ್ಲದಿದ್ದರೆ, ಮುಂಗಡ ಕೊಡುವ ಮೊದಲೇ ಮಾರುವವರಿಂದ ಆರ್‌ಟಿಒದಲ್ಲಿ ಸರಿ ಮಾಡಿಸಿಕೊಳ್ಳಿ.