ಬ್ಲ್ಯಾಕ್‌ಬರ್ನ್ ದಂಪತಿಯ ಟೊರಾಂಟೊ: ನಾನು ತೋರಿಸುವ ಬಗೆ

ಊರಿಂದ ನೆಂಟರು ಬಂದರೆ ಸಿಎನ್ ಟವರ್ ತೋರಿಸಿದ ಮೇಲೆ ಅವರನ್ನು ಇನ್ನೊಂದು ಸುತ್ತಿಗೆ ಕರೆದೊಯ್ಯುತ್ತೇನೆ. ಥಾರ್ನ್‌ಟನ್ ಮತ್ತು ಲೂಸಿ ಬ್ಲ್ಯಾಕ್‌ಬರ್ನ್ ಬಾಳಿದ ಜಾಗಗಳಿಗೆ.

ಅವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಥೆಯನ್ನು ಸಬ್‌ವೇ ರೈಲಿನಲ್ಲೇ ಹೇಳಿ ಮುಗಿಸುತ್ತೇನೆ. 1831ರಲ್ಲಿ ಕೆಂಟಕಿಯ ಲೂಯಿವಿಲ್‌ನಿಂದ ಗಂಡ ಹೆಂಡತಿ ಹಾಡಹಗಲೇ ಸ್ಟೀಮರ್ ಹತ್ತಿದರು. 1833ರಲ್ಲಿ ಡೆಟ್ರಾಯಿಟ್‌ನಲ್ಲಿ ಸಿಕ್ಕಿಬಿದ್ದರು. ಜೈಲಿಗೆ ನೋಡಲು ಹೋದ ಕ್ಯಾರೊಲಿನ್ ಫ್ರೆಂಚ್ ತನ್ನ ಬಟ್ಟೆಯನ್ನು ಲೂಸಿಗೆ ತೊಡಿಸಿ, ತಾನು ಒಳಗೇ ಉಳಿದಳು. ಮರುದಿನ ಕರಿಯ ಜನ ಗುಂಪುಗೂಡಿ ಥಾರ್ನ್‌ಟನ್‌ನನ್ನೂ ಬಿಡಿಸಿದರು. ನದಿ ದಾಟಿದರೆ ಕೆನಡಾ. ಅವರನ್ನು ಹಿಂದಕ್ಕೆ ಕೊಡಿ ಎಂದು ಅಮೆರಿಕದವರು ಕೇಳಿದರು, ಇಲ್ಲಿನವರು ಕೊಡಲಿಲ್ಲ.

ಎಲ್ಲರಿಗೂ ಇಷ್ಟವಾಗುವುದು ಈ ಭಾಗವೇ. ನನಗೆ ಮಾತ್ರ ಮುಂದಿನದು ಜಾಸ್ತಿ ಇಷ್ಟ. ಅದಕ್ಕೇ ವಕೀಲರ ಸಂಘದ ಕಟ್ಟಡವಾದ ಆಸ್‌ಗುಡ್ ಹಾಲ್ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಥಾರ್ನ್‌ಟನ್ ಇಲ್ಲಿ ವಕೀಲರಿಗೆ ಊಟ ಬಡಿಸುತ್ತಿದ್ದ. ಮಾಂಟ್ರಿಯಲ್‌ನಲ್ಲಿ ಬಾಡಿಗೆ ಕುದುರೆ ಗಾಡಿಗಳು ಓಡುತ್ತಿದ್ದವು, ಟೊರಾಂಟೊದಲ್ಲಿ ಇರಲಿಲ್ಲ. ಅಲ್ಲಿನ ಗಾಡಿಯ ನಕ್ಷೆ ತರಿಸಿ, ಪಾಲ್ ಬಿಷಪ್ ಎಂಬ ಕುಶಲಕರ್ಮಿಯಿಂದ ಅಂಥದ್ದೇ ಒಂದನ್ನು ಮಾಡಿಸಿದ. ಕೆಂಪು ಹಳದಿ ಬಣ್ಣ, ಒಂದೇ ಕುದುರೆ, ಒಳಗೆ ನಾಲ್ವರು, ಹೊರಗೆ ಮುಂದುಗಡೆ ಸಾರಥಿ. ಹೆಸರು ‘ದಿ ಸಿಟಿ’. ನಮ್ಮ ಜಟಕಾಕ್ಕಿಂತ ಠೀವಿಯಾಗಿತ್ತು ಅನ್ನಿ! ಊರಿನ ಮೊದಲ ಟ್ಯಾಕ್ಸಿ ಅದೇ. ಇಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ. ಆದರೂ ವ್ಯಾಪಾರ ನಡೆಸಿದರು, ಮನೆಗಳನ್ನು ಕೊಂಡು ತಮ್ಮಂತೆ ಓಡಿಬಂದವರಿಗೆ ಕಡಿಮೆ ಬಾಡಿಗೆಗೆ ಕೊಟ್ಟರು. ಥಾರ್ನ್‌ಟನ್ ಗುಟ್ಟಾಗಿ ಕೆಂಟಕಿಗೆ ಹೋಗಿ ತಾಯಿ ಸಿಬಿಯನ್ನೂ ಕರೆತಂದ. ಸಿಕ್ಕಿಬಿದ್ದಿದ್ದರೆ ಮತ್ತೆ ಗುಲಾಮಗಿರಿಯೇ ಅಲ್ವಾ?

ಅಲ್ಲಿಂದ ಸ್ಟ್ರೀಟ್‌ಕಾರ್ ಎಂಬ ಟ್ರಾಮಿನಲ್ಲಿ ಪೂರ್ವಕ್ಕೆ, ಸ್ಯಾಕ್‌ವಿಲ್ ಸ್ಟ್ರೀಟಿಗೆ. ಅವರ ಮನೆ ಇದ್ದದ್ದು ಈಗಿನ ಶಾಲೆಯ ಅಂಗಳದಲ್ಲಿ. ಸುಮ್ನೆ ಆಟದ ಬಯಲಿನಂತೆ ಕಾಣುತ್ತದೆ. 1985ರಲ್ಲಿ ಇಲ್ಲಿ ಅಗೆದಾಗ ಮನೆಯ ಕುರುಹು ಸಿಕ್ಕಿತು. ಅಗೆದವರಲ್ಲಿ ಶಾಲಾ ಮಕ್ಕಳೂ ಇದ್ದರು. ಅಗೆತದ ಮುಂದಾಳು ಕ್ಯಾರೊಲಿನ್ ಸ್ಮಾರ್ಡ್ಸ್ ಫ್ರಾಸ್ಟ್ ಆಮೇಲೆ ವರ್ಷಗಟ್ಟಲೆ ದಾಖಲೆ ಜಾಲಾಡಿ ಇವರ ಬದುಕನ್ನು ಹೊರತಂದರು. ದಂಪತಿಗೆ ಮಕ್ಕಳಿರಲಿಲ್ಲ. ಪತ್ರಗಳಾಗಲಿ ಫೋಟೊಗಳಾಗಲಿ ಉಳಿದಿಲ್ಲ. ಅದಕ್ಕೇ ಇಲ್ಲಿ ಮಕ್ಕಳಿಗೆ ಗಾಡಿಯ ಚಿತ್ರ ಬರೆಯಲು ಹೇಳುತ್ತೇನೆ. ದೊಡ್ಡವರೂ ಪೆನ್ಸಿಲ್ ಕೇಳುತ್ತಾರೆ.

ಬೇಸಿಗೆಯಾದರೆ ಅಲ್ಲಿಂದ ಉತ್ತರಕ್ಕೆ ನಡೆದು ನೆಕ್ರೊಪೊಲಿಸ್ ಸ್ಮಶಾನಕ್ಕೂ ಹೋಗುತ್ತೇವೆ. 1890ರಲ್ಲಿ ಥಾರ್ನ್‌ಟನ್, 1895ರಲ್ಲಿ ಲೂಸಿ ತೀರಿಕೊಂಡರು. ಇಬ್ಬರ ಸಮಾಧಿಯೂ ಅಲ್ಲೇ ಇದೆ. ಚಳಿಗಾಲದಲ್ಲಿ ಈ ಭಾಗ ಬಿಟ್ಟುಬಿಡಿ, ಹಿಮದಲ್ಲಿ ಅಷ್ಟು ದೂರ ನಡೆಯುವುದು ಕಷ್ಟ.