ಕುಡಿಯುವ ನೀರಿನ ಪೈಪಿಗೆ ಯಾವ ಅಂಟು, ಯಾವ ಟೇಪು?

ಮನೆ ಕಟ್ಟಿಸುವವರು ಪೈಪಿನ ಕಂಪನಿಯನ್ನು ನಾಲ್ಕು ಕಡೆ ವಿಚಾರಿಸುತ್ತಾರೆ, ನಲ್ಲಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತಾರೆ. ಇವೆರಡನ್ನು ಕೂಡಿಸುವ ವಸ್ತುವನ್ನು ಮಾತ್ರ ಪ್ಲಂಬರ್ ಚೀಲಕ್ಕೆ ಬಿಟ್ಟುಬಿಡುತ್ತಾರೆ. ಅಂಥ ಚೀಲಗಳಲ್ಲಿ ನಾನು ಕಂಡಿರುವುದು ಇಷ್ಟು: ಪ್ಲಾಸ್ಟಿಕ್ ಪೈಪು ಅಂಟಿಸುವ ಸಾಲ್ವೆಂಟಿನ ಅರ್ಧ ಗಟ್ಟಿಯಾದ ಡಬ್ಬಿ, ಲೇಬಲ್ ಕಿತ್ತುಹೋದ ಬಿಳಿ ಪೇಸ್ಟು, ಒಂದು ಹಿಡಿ ಸಣಬಿನ ನೂಲು, ಇನ್ನೆಲ್ಲೋ ಬಳಿದು ಉಳಿದ ಪೇಂಟು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ ಸಾಮಾನು ಇದು. ಅದನ್ನು ನೀವೇ ತಂದಿಡಿ.

ಮೊದಲು ಎಲ್ಲೆಲ್ಲಿ ಎಂಥ ಜಾಯಿಂಟ್ ಬರುತ್ತದೆ ಎಂದು ಕೇಳಿಕೊಳ್ಳಿ. ಮೂರೇ ಬಗೆ: ರಬ್ಬರ್ ವಾಷರ್ ಕೂರುವುದು, ಥ್ರೆಡ್ (ತಿರುಪಿನ ಹಲ್ಲು) ತಿರುಗಿಸುವುದು, ಅಂಟಿಸುವುದು. ವಾಷರ್ ಇರುವ ಕಡೆ ಏನನ್ನೂ ಹಚ್ಚಬೇಡಿ. ಟ್ಯಾಂಕಿಗೆ ಪೈಪು ಕೂಡಿಸುವ ನಿಪ್ಪಲ್ ಸುತ್ತ ಪುಟ್ಟಿ ಮೆತ್ತುವುದು ದಂಡ. ವಾಷರ್ ಸರಿಯಾಗಿ ಕೂತರೆ ಅದು ಬೇಕಿಲ್ಲ, ಕೂರದಿದ್ದರೆ ಪುಟ್ಟಿ ಬಹಳ ದಿನ ತಡೆಯುವುದಿಲ್ಲ.

ಎರಡನೆಯದು, ಪೇಸ್ಟು. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಕಾಲದಿಂದ ಬಂದ ರೂಢಿ ಥ್ರೆಡ್ಡಿಗೆ ನೂಲು ಸುತ್ತಿ ಸಫೇದ ಎಂಬ ಬಿಳಿ ಪೇಸ್ಟು ಬಳಿಯುವುದು. ಸಫೇದ ಎಂದು ಕೇಳಿದರೆ ಸತುವಿನ ಪುಡಿಯಿಂದ ಮಾಡಿದ್ದೂ ಸಿಗಬಹುದು, ಸೀಸದ್ದೂ ಸಿಗಬಹುದು. ಕೆಂಪು ಲೆಡ್ ಅಂತೂ ಸೀಸದ ಆಕ್ಸೈಡೇ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ಐಎಸ್ 10500 ಮಾನದಂಡ. ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂದಿಸುವ ಲೋಹ ಇದು, ನೀರಿನಲ್ಲಿದ್ದರೆ ಬಣ್ಣ, ರುಚಿ, ವಾಸನೆ ಯಾವುದರಿಂದಲೂ ಗೊತ್ತಾಗುವುದಿಲ್ಲ. ನೀರು ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸೀಸದ ಪ್ರಮಾಣ ಹೆಚ್ಚುತ್ತದೆ. ಡಬ್ಬಿಯ ಮೇಲೆ ‘ಸೀಸರಹಿತ’ ಮತ್ತು ‘ಕುಡಿಯುವ ನೀರಿಗೆ ಯೋಗ್ಯ’ ಎಂದು ಎರಡೂ ಬರೆದಿರದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಎನ್‌ಎಸ್‌ಎಫ್ 61 ಎಂಬ ಗುರುತಿದ್ದರೆ ಕುಡಿಯುವ ನೀರಿಗೆ ತಾಗುವ ವಸ್ತುವೆಂದೇ ಪರೀಕ್ಷಿಸಿದ್ದಾರೆ ಎಂದರ್ಥ. ಪೇಂಟನ್ನಂತೂ ಥ್ರೆಡ್ ಹತ್ತಿರ ಸುಳಿಯಗೊಡಬೇಡಿ. 2016ರ ನಿಯಮದಂತೆ ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟುವಂತಿಲ್ಲ, ನಿಜ. ಆದರೆ ಆ ನಿಯಮ ಗೋಡೆಗೆ ಬಳಿಯುವ ಬಣ್ಣಕ್ಕೆ, ನಾವು ಕುಡಿಯುವ ನೀರಿಗಲ್ಲ.

ನನ್ನನ್ನು ಕೇಳಿದರೆ ಥ್ರೆಡ್ಡಿಗೆ ಟೆಫ್ಲಾನ್ ಟೇಪು ಒಂದೇ ಸಾಕು. ಬಿಸಿನೀರಿಗೂ ಆಗುವ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿದ್ದರಂತೂ ಬೇರೆ ಮಾತೇ ಇಲ್ಲ: ಕೆಲವು ಪೇಸ್ಟುಗಳಲ್ಲಿರುವ ಎಣ್ಣೆಯಂಶ ಆ ಪ್ಲಾಸ್ಟಿಕ್ಕನ್ನು ಒಳಗಿಂದಲೇ ಬಿರುಕು ಬಿಡಿಸುತ್ತದೆ, ನೂಲು ನೀರು ಕುಡಿದು ಉಬ್ಬಿ ಪೈಪು ಕೂರುವ ಪ್ಲಾಸ್ಟಿಕ್ ಸಾಕೆಟ್ಟನ್ನೇ ಸೀಳಬಲ್ಲದು. ಅಂಗಡಿಯಲ್ಲಿ ಟೇಪನ್ನು ಎಳೆದು ನೋಡಿ. ತುಸು ಎಳೆದೊಡನೆ ಎಳೆಎಳೆಯಾಗಿ ಬಿಡುವ ತೆಳು ಟೇಪು ಬೇಡ.

ಸುತ್ತುವುದರಲ್ಲಿ ತಪ್ಪುವವರೇ ಹೆಚ್ಚು. ಥ್ರೆಡ್ಡಿನ ಬಾಯಿ ನಿಮ್ಮ ಕಡೆಗಿರಲಿ, ಟೇಪು ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ಬಿಗಿದಂತೆಲ್ಲ ಟೇಪು ಬಿಚ್ಚಿಕೊಳ್ಳುತ್ತದೆ. ಥ್ರೆಡ್ಡಿನ ತುದಿಯ ಮೊದಲ ಹಲ್ಲಿಗೆ ಟೇಪು ಸುತ್ತದೆ ಬರಿದಾಗಿ ಬಿಡಿ, ಇಲ್ಲದಿದ್ದರೆ ಚೂರುಗಳು ನೀರಿನ ಜೊತೆ ಹೋಗಿ ನಲ್ಲಿಯ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಥ್ರೆಡ್ಡಿನ ಹಲ್ಲು ಟೇಪಿನಡಿ ಎದ್ದು ಕಾಣುವಷ್ಟು ಎಳೆದು ಸುತ್ತಿ. ಅರ್ಧ ಇಂಚಿನ ನಲ್ಲಿಗೆ ನಮ್ಮ ಪೇಟೆಯ ಟೇಪು ಎಂಟು ಹತ್ತು ಸುತ್ತು ಬೇಕಾಗುತ್ತದೆ. ಬಿಗಿದ ಮೇಲೆ ನಲ್ಲಿ ಸೊಟ್ಟಗಿದೆ ಎಂದು ಹಿಂದಕ್ಕೆ ತಿರುಗಿಸಿದಿರೋ, ಆ ಜಾಯಿಂಟ್ ಹೋಯಿತು. ಪೂರ್ತಿ ಬಿಚ್ಚಿ, ಹಳೆಯ ಟೇಪು ಕೆರೆದು, ಹೊಸದಾಗಿ ಸುತ್ತಿ.

ಇನ್ನು ಸಾಲ್ವೆಂಟ್. ಸಿಪಿವಿಸಿಗೆ ಸಿಪಿವಿಸಿಯದೇ, ತಣ್ಣೀರಿನ ಪ್ಲಾಸ್ಟಿಕ್ ಪೈಪಾದ ಯುಪಿವಿಸಿಗೆ ಅದರದೇ. ಮೊದಲನೆಯದರ ಡಬ್ಬಿಯ ಮೇಲೆ ಎಎಸ್‌ಟಿಎಂ ಎಫ್ 493, ಎರಡನೆಯದರ ಮೇಲೆ ಐಎಸ್ 14182 ಇದೆಯೇ ನೋಡಿ. ಯುಪಿವಿಸಿ ಸಾಲ್ವೆಂಟನ್ನು ಗೀಸರ್ ಲೈನಿಗೆ ಹಚ್ಚುವವರಿದ್ದಾರೆ. ಬಿಸಿನೀರಿಗೆ ಅದು ನಿಲ್ಲುವುದಿಲ್ಲ. ತಯಾರಾದ ತಿಂಗಳನ್ನೂ ಓದಿ. ಗಟ್ಟಿಯಾದ ಸಾಲ್ವೆಂಟಿಗೆ ಥಿನ್ನರ್ ಬೆರೆಸಿ ತೆಳುಮಾಡುವುದನ್ನು ಕಂಡರೆ ಕೆಲಸ ಅಲ್ಲೇ ನಿಲ್ಲಿಸಿ. ಥಿನ್ನರಿನಲ್ಲಿರುವುದು ಕುಡಿಯುವ ನೀರಿಗೆ ಸೇರಬೇಕಾದ್ದಲ್ಲ, ಜಾಯಿಂಟೂ ಹಿಡಿಯುವುದಿಲ್ಲ. ಸಣ್ಣ ಡಬ್ಬಿಗಳನ್ನೇ ತನ್ನಿ, ಉಳಿದರೆ ಎಸೆಯಿರಿ.

ಪೈಪು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಒಣಬಟ್ಟೆಯಲ್ಲಿ ಒರೆಸಿ. ಸಾಲ್ವೆಂಟನ್ನು ಪೈಪಿನ ಹೊರಮೈಗೆ ಧಾರಾಳವಾಗಿ, ಸಾಕೆಟ್ಟಿನ ಒಳಗೆ ತೆಳ್ಳಗೆ ಹಚ್ಚಬೇಕು. ಜನ ಮಾಡುವುದು ಇದಕ್ಕೆ ತದ್ವಿರುದ್ಧ. ಸಾಕೆಟ್ಟಿಗೆ ಹೆಚ್ಚು ಹಚ್ಚಿದರೆ ಪೈಪು ತಳ್ಳಿದಾಗ ಅದು ಒಳಗೆ ಕೆರೆ ಕಟ್ಟುತ್ತದೆ, ಅಲ್ಲಿಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ವಾಸನೆ ಬಹಳ ದಿನ ನೀರಿಗೆ ಬಿಡುತ್ತದೆ. ತಳ ಮುಟ್ಟುವವರೆಗೆ ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಿಟ್ಟುಬಿಟ್ಟರೆ ಪೈಪು ತಾನಾಗಿ ಹಿಂದೆ ಸರಿಯುತ್ತದೆ. ಹೊರಗೆ ಉಕ್ಕಿದ್ದನ್ನು ಒರೆಸಿ. ಕೆಲಸದ ಹೊತ್ತಿನಲ್ಲಿ ಕಿಟಕಿ ತೆರೆದಿರಲಿ, ಬೀಡಿ ಸಿಗರೇಟು ದೂರವಿರಲಿ, ಆ ಆವಿಗೆ ಬೆಂಕಿ ಹತ್ತುತ್ತದೆ. ಸಂಜೆಗೇ ನೀರು ಬಿಡಿ ಎಂದು ಮೇಸ್ತ್ರಿ ಎಷ್ಟೇ ಅವಸರ ಮಾಡಲಿ, 24 ಗಂಟೆ ಕಾಯಿರಿ. ಮಳೆಗಾಲದ ಮಲೆನಾಡಿನಲ್ಲಿ ಎರಡು ದಿನ ಬಿಟ್ಟರೆ ಒಳ್ಳೆಯದು.

ಆಮೇಲೆ ನಲ್ಲಿಯ ಜಾಲರಿ ಬಿಚ್ಚಿಟ್ಟು, ಪ್ರತಿ ನಲ್ಲಿಯಲ್ಲೂ ಧಾರಾಳವಾಗಿ ನೀರು ಹರಿಸಿ. ರಾತ್ರಿ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಒಂದು ಲೋಟ ಹಿಡಿದು ಮೂಸಿ ನೋಡಿ. ಸಾಲ್ವೆಂಟ್ ವಾಸನೆ ಇರುವಷ್ಟು ದಿನ ಆ ನೀರು ಗಿಡಕ್ಕಿರಲಿ, ಅಡುಗೆಗೆ ಬೇಡ. ಮನೆಯಲ್ಲಿ ಸಫೇದ ಬಳಿದ ಹಳೆಯ ಜಿಐ ಲೈನ್ ಇನ್ನೂ ಇದ್ದರೆ ಬದಲಿಸುವವರೆಗೆ ಬೆಳಗಿನ ಮೊದಲ ಬಕೆಟ್ ನೀರನ್ನು ನೆಲ ಒರೆಸಲು ಇಟ್ಟುಕೊಳ್ಳಿ, ಮಕ್ಕಳ ಹಾಲಿಗೂ ಗಂಜಿಗೂ ಅದನ್ನು ಬಳಸಬೇಡಿ.