ಒತ್ತಕ್ಷರ ಬಂದರೆ ಹೆಸರು ಮೇಲೇರುತ್ತದೆ: ಲೇಸರ್ ಸಾಫ್ಟ್‌ವೇರ್‌ನವರಿಗೆ ನಾನು ಬರೆದದ್ದು

ಕಳೆದ ವರ್ಷ ಒಂದು ಶಾಲೆಯಿಂದ 40 ಬ್ಯಾಡ್ಜ್ ಆರ್ಡರ್ ಬಂತು. 75 ಮಿ.ಮೀ. ಉದ್ದ, 25 ಮಿ.ಮೀ. ಅಗಲ, ಎಲ್ಲದರ ಮೇಲೂ ಶಿಕ್ಷಕರ ಹೆಸರು ಕನ್ನಡದಲ್ಲಿ. 3 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಜಿಗ್ (ಬ್ಯಾಡ್ಜ್‌ಗಳು ಕೂರುವ ಗುಂಡಿಗಳಿರುವ ಚೌಕಟ್ಟು) ಕತ್ತರಿಸಿ ಲೇಸರ್ ಮೆಷಿನ್‌ನ ಹಾಸಿಗೆಗೆ ಬಿಗಿದೆ, ಒಂದೊಂದು ಗುಂಡಿಯ ಮಧ್ಯಕ್ಕೂ ಎಕ್ಸ್, ವೈ ಅಳತೆ ಬರೆದಿಟ್ಟುಕೊಂಡೆ, ಹೆಸರುಗಳನ್ನು ಆ ಅಳತೆಗೇ ಕೂರಿಸಿದೆ. ಎಂಗ್ರೇವ್ ಆದ ಮೇಲೆ ಬ್ಯಾಡ್ಜ್‌ಗಳನ್ನು ಸಾಲಾಗಿ ಜೋಡಿಸಿ ನೋಡಿದರೆ 'ಕಮಲ' ಸರಿಯಾಗಿದೆ, ಪಕ್ಕದ 'ಕೃಷ್ಣಪ್ಪ' ಮೇಲಕ್ಕೆ ಹೋಗಿದೆ.

ಮೆಷಿನ್ ತಪ್ಪಲ್ಲ. ಸಾಫ್ಟ್‌ವೇರ್ ಹೆಸರಿನ ಸುತ್ತ ಕಾಣದ ಒಂದು ಪೆಟ್ಟಿಗೆ ಹಾಕಿಕೊಂಡು ಅದರ ಮಧ್ಯವನ್ನೇ ಹೆಸರಿನ ಮಧ್ಯ ಅಂದುಕೊಳ್ಳುತ್ತದೆ. ಒತ್ತು 4 ಮಿ.ಮೀ. ಕೆಳಗಿಳಿದರೆ ಮಧ್ಯ 2 ಮಿ.ಮೀ. ಕೆಳಗೆ ಹೋಗುತ್ತದೆ, ಹೆಸರು ಅಷ್ಟೇ ಮೇಲೇರುತ್ತದೆ. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಈ ತೊಂದರೆ ಗೊತ್ತಾಗುವುದೇ ಇಲ್ಲ, ಎಲ್ಲದರ ಎತ್ತರವೂ ಹೆಚ್ಚುಕಡಿಮೆ ಒಂದೇ ಅಲ್ವಾ. ನಮಗೆ ಬೇಕಾದದ್ದು ಕಾಪಿ ಪುಸ್ತಕದ ಗೆರೆ, ಅಂದರೆ ಬೇಸ್‌ಲೈನ್. ಅಕ್ಷರ ಗೆರೆಯ ಮೇಲೆ ಕೂರಬೇಕು, ಒತ್ತು ಅದರ ಕೆಳಗೆ ತನ್ನ ಪಾಡಿಗೆ ಇರಬೇಕು.

ನಾನು ಬಳಸುವ ಸಾಫ್ಟ್‌ವೇರ್‌ನವರಿಗೆ ಮೊದಲು ಸುಮ್ನೆ 'ಡಿಸೈನ್ ಕರಾರುವಾಕ್ಕಾಗಿ ಕೂರಿಸುವ ಸೌಲಭ್ಯ ಕೊಡಿ' ಅಂತ ಬರೆದೆ. ಅಳತೆ ಹಾಕುವ ಜಾಗ ಈಗಾಗಲೇ ಇದೆ ಎಂಬ ಉತ್ತರ ಬಂತು. ಅವರು ಹೇಳಿದ್ದು ಸರಿಯೇ. ಎಕ್ಸ್, ವೈ ಇದೆ, ಮೂಲೆ, ಬದಿ, ಮಧ್ಯ ಸೇರಿ ಒಂಬತ್ತು ಚುಕ್ಕೆಗಳಲ್ಲಿ ಒಂದನ್ನು ಆರಿಸಲೂ ಬಹುದು. ಆದರೆ ಒಂಬತ್ತೂ ಆ ಪೆಟ್ಟಿಗೆಯವೇ.

ಎರಡನೇ ಸಲ ಎರಡು ಬ್ಯಾಡ್ಜ್ ಪಕ್ಕಪಕ್ಕ ಇಟ್ಟು ಫೋಟೋ ತೆಗೆದೆ, ಕ್ಯಾಲಿಪರ್ ಅಳತೆ ಬರೆದೆ, ಫೈಲ್ ಜೊತೆಗಿಟ್ಟೆ. 'ಬೇಸ್‌ಲೈನ್ ಹಿಡಿದು ಕೂರಿಸಲು ಬಿಡಿ' ಅಂತ ಬರೆಯಲು ಹೊರಟವನು ಅಲ್ಲೇ ನಿಂತೆ. ಆ ಸಾಫ್ಟ್‌ವೇರ್‌ನಲ್ಲಿ ಕನ್ನಡ ಒತ್ತುಗಳು ಸರಿಯಾಗಿ ಕೂಡುವುದಿಲ್ಲ, ಅದಕ್ಕೆ ನಾನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಬರೆದು, ಪಾತ್ ಮಾಡಿ (ಅಕ್ಷರಗಳನ್ನು ಗೆರೆಚಿತ್ರವಾಗಿಸಿ), ಎಸ್‌ವಿಜಿ ಫೈಲಾಗಿ ತರುತ್ತೇನೆ. ಪಾತ್ ಆದ ಮೇಲೆ ಅದು ಬರೀ ಗೆರೆಗಳು, ಬೇಸ್‌ಲೈನ್ ಎಲ್ಲಿಂದ ಸಿಗಬೇಕು? ಹಾಗಾಗಿ ಕೇಳಿಕೆಯನ್ನೇ ಬದಲಿಸಿದೆ: ಯಾವುದೇ ಡಿಸೈನ್ ಮೇಲೆ ನಾನೇ ಒಂದು ಚುಕ್ಕೆ ಇಡುತ್ತೇನೆ, ಎಕ್ಸ್, ವೈ ಆ ಚುಕ್ಕೆಗೆ ಅನ್ವಯವಾಗಲಿ, ಫೈಲ್ ಜೊತೆ ಅದೂ ಸೇವ್ ಆಗಲಿ. ನಕ್ಷೆ ಬಿಡಿಸುವ ಆಟೋಕ್ಯಾಡ್‌ನಲ್ಲಿ ಬ್ಲಾಕ್‌ಗೆ (ಒಟ್ಟುಗೂಡಿಸಿದ ಚಿತ್ರಕ್ಕೆ) ಹಿಡಿದು ಕೂರಿಸಲು ಬೇಸ್ ಪಾಯಿಂಟ್ ಇರುತ್ತದಲ್ಲ, ಹಾಗೆ. ವಿನೈಲ್ ಪ್ಲಾಟರ್‌ನಲ್ಲಿ ಸ್ಟಿಕ್ಕರ್ ಕತ್ತರಿಸುವವರಿಗೂ ಇದು ಬೇಕು.

ಈ ಸಲ ಅವರೇ ಇನ್ನೂ ನಾಲ್ಕು ಹೆಸರು ಕಳಿಸಿ ಅಂದರು. ಸೌಲಭ್ಯ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನನ್ನ ದಾರಿ ಇದು: ಇಂಕ್‌ಸ್ಕೇಪ್‌ನಲ್ಲಿ ಪಾತ್ ಮಾಡುವ ಮೊದಲೇ ಎಲ್ಲ ಹೆಸರನ್ನೂ ಬೇಸ್‌ಲೈನ್‌ಗೆ ಅಲೈನ್ ಮಾಡುತ್ತೇನೆ. ಪ್ರತಿ ಹೆಸರಿನ ಸುತ್ತ, ಬೇಸ್‌ಲೈನ್‌ನಿಂದ ಒಂದೇ ಅಂತರದಲ್ಲಿ, 75 x 25ರ ಚೌಕಟ್ಟು ಹಾಕಿ ಗ್ರೂಪ್ ಮಾಡುತ್ತೇನೆ. ಲೇಸರ್ ಸಾಫ್ಟ್‌ವೇರ್‌ನಲ್ಲಿ ಚೌಕಟ್ಟಿನ ಲೇಯರ್‌ಗೆ ಔಟ್‌ಪುಟ್ ಆಫ್, ಅಂದರೆ ಚೌಕಟ್ಟು ಎಂಗ್ರೇವ್ ಆಗುವುದಿಲ್ಲ. ಆಗ ಪೆಟ್ಟಿಗೆ ಎಲ್ಲರಿಗೂ ಒಂದೇ, ಮಧ್ಯವೂ ಒಂದೇ. ಮೊದಲ ಸುತ್ತು ಮಾತ್ರ ಈಗಲೂ ರಟ್ಟಿನ ಮೇಲೆ, ಕಡಿಮೆ ಪವರ್‌ನಲ್ಲಿ.